ಊರ ನೆಲ, ಊರ ಜೀವ

1. ನಮ್ಮ ಸುತ್ತ ಏನೇನಿದೆ?

ನಮ್ಮ ಊರು ಕಾಖಂಡಕಿ. ತಾಲೂಕು ಬಬಲೇಶ್ವರ. ಜಿಲ್ಲೆ ವಿಜಯಪುರ. ಮಹಿಪತಿದಾಸರು ಬಾಳಿದ ಊರು ಇದು. ಕಾರಹುಣ್ಣಿವಿಯ ಕರಿಗೆ ಹೆಸರಾದ ಊರು. ಕರಿಯ ದಿನ ಎತ್ತು, ಹೋರಿಗಳನ್ನು ಸಿಂಗರಿಸುತ್ತೇವೆ. ಅವು ಓಡುವುದನ್ನು ನೋಡಲು ಸುತ್ತಲ ಹಳ್ಳಿಗಳ ಜನ ಬರುತ್ತಾರೆ.

ಎತ್ತು ಓಡಬೇಕಾದರೆ ಅದಕ್ಕೆ ಮೇವು ಬೇಕು. ಮೇವು ಬೆಳೆಯಲು ನೆಲ ಬೇಕು. ಹೊಲದ ಕಣಿಕಿ, ಹೊಟ್ಟು ವರ್ಷಪೂರ್ತಿ ಸಾಲುವುದಿಲ್ಲ. ಅದಕ್ಕೇ ನಮ್ಮ ಹಿರಿಯರು ಊರೂರಿಗೆ ಮೇಯುವ ನೆಲ ಬಿಟ್ಟರು. ಅದನ್ನು ಗಾಯರಾಣ ಎನ್ನುತ್ತೇವೆ. ಬೇರೆ ಕಡೆ ಗೋಮಾಳ ಎನ್ನುತ್ತಾರೆ.

ಊರು ದಾಟಿ ಒಮ್ಮೆ ನಡೆದು ನೋಡೋಣ ಬನ್ನಿರಿ. ನಮ್ಮ ಜಿಲ್ಲೆಯಲ್ಲಿ ಎರಿ ಹೊಲ ಇದೆ. ಕಲ್ಲು ಮಡ್ಡಿ ಇದೆ. ಹಳ್ಳ ಇದೆ. ಕೆರೆ ಇದೆ. ನಡುವೆ ಡೋಣಿ ಹೊಳೆ ಹರಿಯುತ್ತದೆ. ಡೋಣಿ ಬೆಳೆದರ ಓಣೆಲ್ಲ ಜೋಳ ಎಂದು ನಮ್ಮ ಅಜ್ಜ, ಅಜ್ಜಿ ಹೇಳುತ್ತಿದ್ದರು.

ಈ ನೆಲದಲ್ಲಿ ನಾವಷ್ಟೇ ಇಲ್ಲ. ಬಯಲಿನಲ್ಲಿ ಚಿಗರಿ ಮೇಯುತ್ತದೆ. ಬದುವಿನ ಹುಲ್ಲಿನಲ್ಲಿ ಕೌಜುಗ ಕೂಗುತ್ತದೆ. ಹಳ್ಳದ ದಂಡೆಯಲ್ಲಿ ನವಿಲು ಇದೆ. ಮೊಲ ಇದೆ. ಉಡ ಇದೆ. ನರಿ, ತೋಳ ಇವೆ. ಹಾವು ಇದೆ. ಹಾವು, ಗೂಗಿ, ನರಿ ಇಲಿ ತಿನ್ನುತ್ತವೆ. ಇಲಿ ಕಡಿಮೆಯಾದರೆ ನಮ್ಮ ಜೋಳ ಉಳಿಯುತ್ತದೆ. ಬೆಳ್ಳಕ್ಕಿ ನೇಗಿಲ ಹಿಂದೆ ಬಂದು ಹುಳ ಹೆಕ್ಕುತ್ತದೆ. ಕೂಲಿ ಕೇಳುವುದಿಲ್ಲ.

ಒಂದು ಮಾತು ತಿಳಿದುಕೊಳ್ಳೋಣ. ನಮ್ಮ ಜಿಲ್ಲೆಯಲ್ಲಿ ಕಾಡು ಬಹಳ ಕಡಿಮೆ. ಇತ್ತೀಚಿನವರೆಗೂ ನೂರು ಎಕರೆಯಲ್ಲಿ ಒಂದು ಎಕರೆಯಷ್ಟೂ ಕಾಡು ಇರಲಿಲ್ಲ. ಈಚಿನ ವರ್ಷಗಳಲ್ಲಿ ಕೋಟಿ ವೃಕ್ಷ ಅಭಿಯಾನ ನಡೆಯಿತು. ಗಿಡ ಹಚ್ಚುವ ಕೆಲಸ ಹೆಚ್ಚಾಯಿತು. ಅದು ಒಳ್ಳೆಯದೇ.

ಆದರೆ ಬಯಲು ಎಂದರೆ ಬಂಜರು ಎಂದು ತಿಳಿಯಬಾರದು. ಕಾಗದದಲ್ಲಿ ಪಾಳು ಭೂಮಿ ಎಂದು ಬರೆದಿರುತ್ತಾರೆ. ನೋಡಿದರೆ ಅಲ್ಲಿ ಹುಲ್ಲು ಇರುತ್ತದೆ. ಬಾರಿ ಗಿಡ, ಜಾಲಿ ಗಿಡ ಇರುತ್ತವೆ. ಚಿಗರಿಗೆ ದಟ್ಟ ಕಾಡು ಬೇಡ. ಬಯಲು ಬೇಕು, ಹುಲ್ಲು ಬೇಕು. ನಮ್ಮ ಕುರಿಗೂ ಅದೇ ಬೇಕು. ಹುಲ್ಲಿನ ಮಡ್ಡಿಯೂ ಒಂದು ಬಗೆಯ ಕಾಡೇ. ಗಿಡವನ್ನು ಹಳ್ಳದ ದಂಡೆಗೆ, ಬದುವಿಗೆ, ರಸ್ತೆ ಬದಿಗೆ ಹಚ್ಚೋಣ. ಹುಲ್ಲಿನ ನೆಲವನ್ನು ಹುಲ್ಲಿಗೆ ಬಿಡೋಣ.

2. ಗಾಯರಾಣ ಯಾರದು?

ಗಾಯರಾಣ ಯಾರದು ಎಂದು ಕೇಳಿದರೆ ಕೆಲವರು ಸರಕಾರದ್ದು ಎನ್ನುತ್ತಾರೆ. ಕೆಲವರು ಯಾರದೂ ಅಲ್ಲ ಎನ್ನುತ್ತಾರೆ. ಯಾರದೂ ಅಲ್ಲ ಎಂದ ಕೂಡಲೇ ಒಬ್ಬ ಬದು ಒತ್ತುತ್ತಾನೆ. ಇನ್ನೊಬ್ಬ ಬೇಲಿ ಹಾಕುತ್ತಾನೆ. ಮತ್ತೊಬ್ಬ ಕಲ್ಲು, ಮರಂ ಅಗೆದು ಒಯ್ಯುತ್ತಾನೆ. ಹತ್ತು ವರ್ಷದಲ್ಲಿ ನೆಲ ಮಾಯ.

ಇದರಿಂದ ಹೆಚ್ಚು ನಷ್ಟ ಯಾರಿಗೆ? ಹೊಲ ಇಲ್ಲದವರಿಗೆ. ಎರಡು ಆಡು, ಒಂದು ಎಮ್ಮೆ ಇಟ್ಟುಕೊಂಡು ಬಾಳುವವರಿಗೆ. ದೂರದಿಂದ ಉರುವಲು ಹೊತ್ತು ತರುವ ಹೆಣ್ಣುಮಕ್ಕಳಿಗೆ. ಕುರಿ ಕಾಯುವವರಿಗೆ. ಆಮೇಲೆ ಚಿಗರಿಗೆ, ಮೊಲಕ್ಕೆ, ಕೌಜುಗಕ್ಕೆ. ಮೇಯುವ ನೆಲ ಹೋದ ಮೇಲೆ ಚಿಗರಿ ಎಲ್ಲಿ ಹೋಗಬೇಕು? ನಮ್ಮ ಕಡ್ಲಿ ಹೊಲಕ್ಕೇ ಬರುತ್ತದೆ.

ಕಾನೂನು ಏನು ಹೇಳುತ್ತದೆ ನೋಡೋಣ. ನಮ್ಮ ರಾಜ್ಯದಲ್ಲಿ 1964ರ ಭೂಕಂದಾಯ ಕಾಯ್ದೆ ಇದೆ. 1966ರ ನಿಯಮಗಳಿವೆ. ಊರಿನ ದನಗಳಿಗೆ ಮೇಯಲು ನೆಲ ಕಾಯ್ದಿಡಬೇಕು ಎಂದು ಅವು ಹೇಳುತ್ತವೆ. 100 ದನಗಳಿಗೆ 12 ಹೆಕ್ಟೇರು ಎಂಬುದು ಲೆಕ್ಕ. ಅಂದರೆ ಸುಮಾರು 30 ಎಕರೆ.

2011ರ ಜನವರಿ 28ರಂದು ಸುಪ್ರೀಂ ಕೋರ್ಟು ಒಂದು ತೀರ್ಪು ಕೊಟ್ಟಿತು. ಆ ವ್ಯಾಜ್ಯ ಪಂಜಾಬಿನ ಒಂದು ಊರಿನದು. ಅಲ್ಲಿ ಊರ ಕೆರೆಯ ನೆಲವನ್ನು ಕೆಲವರು ಒತ್ತಿದ್ದರು. ಕೋರ್ಟು ಅದನ್ನು ಒಪ್ಪಲಿಲ್ಲ. ಊರಿಗೆ ಸೇರಿದ ಕೆರೆ, ಗೋಮಾಳ, ಸ್ಮಶಾನದಂಥ ನೆಲ ಎಲ್ಲ ಜನರ ಬಳಕೆಗೆ ಇರುವುದು; ಒತ್ತಿದವರನ್ನು ತೆರವುಗೊಳಿಸಿ ಊರಿಗೆ ಮರಳಿ ಕೊಡಿಸಿರಿ ಎಂದು ಎಲ್ಲ ರಾಜ್ಯಗಳಿಗೂ ಹೇಳಿತು.

ಗಾಯರಾಣ ಯಾರದೂ ಅಲ್ಲದ ನೆಲ ಅಲ್ಲ. ಅದು ಎಲ್ಲರ ನೆಲ. ಎಲ್ಲರದು ಎಂದ ಮೇಲೆ ಕಾಯುವವರೂ ಎಲ್ಲರೂ ಆಗಬೇಕು.

3. ಕುಸನೂರಿನ ಜನ ಏನು ಮಾಡಿದರು?

ಊರ ನೆಲವನ್ನು ಊರವರೇ ಕಾಯ್ದ ಒಂದು ಸಂಗತಿ ಹೇಳುತ್ತೇವೆ. ಇದು ನಮ್ಮ ಉತ್ತರ ಕರ್ನಾಟಕದಲ್ಲೇ ನಡೆದದ್ದು.

ಕುಸನೂರು ಹಾನಗಲ್ಲ ತಾಲೂಕಿನ ಹಳ್ಳಿ. ಆಗ ಅದು ಧಾರವಾಡ ಜಿಲ್ಲೆಯಲ್ಲಿತ್ತು. ಈಗ ಹಾವೇರಿ ಜಿಲ್ಲೆಯಲ್ಲಿದೆ. ಅಲ್ಲಿಯ ಜನರೂ ನಮ್ಮ ಹಾಗೇ ಊರ ನೆಲದಲ್ಲಿ ದನ ಮೇಯಿಸುತ್ತಿದ್ದರು. ಉರುವಲು ತರುತ್ತಿದ್ದರು.

1984ರಲ್ಲಿ ಕರ್ನಾಟಕ ಪಲ್ಪ್‌ವುಡ್ ಎಂಬ ಕಂಪನಿ ಹುಟ್ಟಿತು. ಸರಕಾರ ಮತ್ತು ಹರಿಹರದ ಒಂದು ಕಾರ್ಖಾನೆ ಸೇರಿ ಇದನ್ನು ಕಟ್ಟಿದವು. ಕಾರ್ಖಾನೆಗೆ ಕಟ್ಟಿಗೆ ಬೇಕಿತ್ತು. ಅದಕ್ಕೆ ನೀಲಗಿರಿ ಬೆಳೆಸಬೇಕಿತ್ತು. ಹಲವು ಜಿಲ್ಲೆಗಳಲ್ಲಿ ಸುಮಾರು 30,000 ಹೆಕ್ಟೇರು ನೆಲವನ್ನು ಇದಕ್ಕೆ ಕೊಡುವುದೆಂದು ಗೊತ್ತಾಯಿತು. ಅದರಲ್ಲಿ ಊರವರು ಬಳಸುತ್ತಿದ್ದ ನೆಲವೇ ಬಹಳ.

ನೀಲಗಿರಿ ಎಲೆಯನ್ನು ದನ ತಿನ್ನುವುದಿಲ್ಲ. ಅದರ ಕೆಳಗೆ ಹುಲ್ಲು ಸರಿಯಾಗಿ ಏಳುವುದಿಲ್ಲ. ಊರಿಗೆ ಅದರಿಂದ ಹಣ್ಣಿಲ್ಲ, ಮೇವಿಲ್ಲ. ನೆಲ ಊರಿನದು, ಲಾಭ ಕಾರ್ಖಾನೆಯದು. ಇದು ಯಾವ ನ್ಯಾಯ ಎಂದು ಜನ ಕೇಳಿದರು.

ಧಾರವಾಡದ ಸಮಾಜ ಪರಿವರ್ತನ ಸಮುದಾಯದವರು ಜನರ ಜೊತೆ ನಿಂತರು. ಎಸ್. ಆರ್. ಹಿರೇಮಠರು ಅದರ ಮುಂದಾಳು. ಸಾಹಿತಿ ಶಿವರಾಮ ಕಾರಂತರೂ ಕೈ ಜೋಡಿಸಿದರು. ಸುಪ್ರೀಂ ಕೋರ್ಟಿಗೆ ಅರ್ಜಿ ಹೋಯಿತು. 1987ರ ನವೆಂಬರ್ 14ರಂದು ಕುಸನೂರಿನಲ್ಲಿ ಸತ್ಯಾಗ್ರಹ ನಡೆಯಿತು. ಅದರ ಹೆಸರು ಕಿತ್ತಿಕೊ ಹಚ್ಚಿಕೊ. ಜನ ಒಂದಿಷ್ಟು ನೀಲಗಿರಿ ಸಸಿ ಕಿತ್ತರು. ಅದೇ ಜಾಗದಲ್ಲಿ ಹಣ್ಣು, ಮೇವು, ಉರುವಲು ಕೊಡುವ ಸಸಿ ಹಚ್ಚಿದರು. ಗಲಾಟೆ ಮಾಡಲಿಲ್ಲ. ಹೊಡೆದಾಟ ಮಾಡಲಿಲ್ಲ.

ಹೋರಾಟ ಒಂದೇ ದಿನಕ್ಕೆ ಮುಗಿಯಲಿಲ್ಲ. ಊರೂರಲ್ಲಿ ಸಭೆ ನಡೆದವು. ಅರ್ಜಿ ಬರೆದರು. ಸಹಿ ಮಾಡಿದರು. ಕೊನೆಗೆ 1991ರಲ್ಲಿ ಆ ಕಂಪನಿಯನ್ನು ಮುಚ್ಚುವ ತೀರ್ಮಾನವಾಯಿತು.

ಇಲ್ಲಿ ಒಂದು ಪಾಠ ಇದೆ. ಬರೀ ಕೀಳುವುದು ಸಾಲದು. ಹಚ್ಚಲೂ ಬೇಕು. ಬೇಡ ಎಂದು ಹೇಳುವವರು ಏನು ಬೇಕು ಎಂದೂ ಹೇಳಬೇಕು.

4. ಬನ್ನಿ ಗಿಡಕ್ಕೆ ಪ್ರಾಣ ಕೊಟ್ಟವರು

ದಸರೆಯಲ್ಲಿ ನಾವು ಬನ್ನಿ ಹಂಚುತ್ತೇವೆ. ಬನ್ನಿ ತಗೊಂಡು ಬಂಗಾರದಂಗ ಇರೋಣ ಎನ್ನುತ್ತೇವೆ. ಹಿರಿಯರ ಕಾಲು ಮುಟ್ಟಿ ನಮಸ್ಕಾರ ಮಾಡುತ್ತೇವೆ. ಈ ಬನ್ನಿ ಗಿಡ ರಾಜಸ್ಥಾನದಲ್ಲೂ ಇದೆ. ಅಲ್ಲಿ ಅದನ್ನು ಖೇಜಡಿ ಎನ್ನುತ್ತಾರೆ. ಮಳೆ ಇಲ್ಲದ ನಾಡಿನಲ್ಲಿ ಮೇವು, ನೆರಳು ಕೊಡುವ ಗಿಡ ಅದು.

1730ರಲ್ಲಿ ಜೋಧಪುರದ ರಾಜನಿಗೆ ಕಟ್ಟಿಗೆ ಬೇಕಾಯಿತು. ಆಳುಗಳು ಖೇಜಡ್ಲಿ ಎಂಬ ಹಳ್ಳಿಗೆ ಕೊಡಲಿ ಹಿಡಿದು ಬಂದರು. ಅಲ್ಲಿ ಬಿಷ್ನೋಯಿ ಜನ ಇದ್ದರು. ಹಸುರು ಗಿಡ ಕಡಿಯಬಾರದು, ಪ್ರಾಣಿ ಕೊಲ್ಲಬಾರದು ಎಂಬುದು ಅವರ ನೇಮ. ಅಮೃತಾದೇವಿ ಎಂಬ ಹೆಣ್ಣುಮಗಳು ಗಿಡ ತಬ್ಬಿ ನಿಂತಳು. ಅವಳನ್ನು ಕಡಿದರು. ಅವಳ ಹಿಂದೆ ಇನ್ನೂ ಜನ ಬಂದು ನಿಂತರು. ಒಟ್ಟು 363 ಜನ ಪ್ರಾಣ ಕೊಟ್ಟರೆಂದು ಅಲ್ಲಿಯವರು ಇಂದಿಗೂ ನೆನೆಯುತ್ತಾರೆ. ಸುದ್ದಿ ತಿಳಿದ ರಾಜ ಗಿಡ ಕಡಿಯುವುದನ್ನು ನಿಲ್ಲಿಸಿದ. ಇಂದಿಗೂ ಬಿಷ್ನೋಯಿ ಊರುಗಳ ಹೊಲಗಳಲ್ಲಿ ಚಿಗರಿ ಹೆದರದೆ ಮೇಯುತ್ತದೆ.

ನಮ್ಮಲ್ಲೂ ಇಂಥ ನೇಮ ಇಲ್ಲವೇ? ಎಳ್ಳ ಅಮಾಸಿಗೆ ಹೊಲಕ್ಕೆ ಬುತ್ತಿ ಒಯ್ಯುತ್ತೇವೆ. ನಾವು ಉಣ್ಣುವ ಮೊದಲು ಚರಗ ಚೆಲ್ಲುತ್ತೇವೆ. ನಮ್ಮ ಅನ್ನದಲ್ಲಿ ಭೂಮಿತಾಯಿಗೆ ಪಾಲು ಇದೆ, ಹಕ್ಕಿಗೆ ಪಾಲು ಇದೆ, ಇರುವೆಗೆ ಪಾಲು ಇದೆ ಎಂದು ಇದರ ಅರ್ಥ. ಇದನ್ನು ನಮಗೆ ಯಾವ ಸರಕಾರವೂ ಕಲಿಸಲಿಲ್ಲ.

5. ಹಕ್ಕಿಗಳ ತವರುಮನೆ

ಆದರೆ ಪ್ರೀತಿ ಒಂದೇ ಸಾಲದು. ಜೀವ ಕಾಯುವಾಗ ನಷ್ಟವೂ ಆಗುತ್ತದೆ. ಆ ನಷ್ಟವನ್ನು ಯಾರು ಹೊರಬೇಕು? ಇದಕ್ಕೆ ಉತ್ತರ ಹುಡುಕಿದ ಒಂದು ಊರು ಮಂಡ್ಯ ಜಿಲ್ಲೆಯಲ್ಲಿದೆ.

ಮದ್ದೂರು ತಾಲೂಕಿನ ಕೊಕ್ಕರೆ ಬೆಳ್ಳೂರು. ಊರ ಪಕ್ಕದಲ್ಲಿ ಶಿಂಷಾ ನದಿ. ಪ್ರತಿ ವರ್ಷ ಚಳಿಗಾಲದ ಹೊತ್ತಿಗೆ ಅಲ್ಲಿ ದೊಡ್ಡ ದೊಡ್ಡ ಹಕ್ಕಿ ಬರುತ್ತವೆ. ಒಂದು ಹೆಜ್ಜಾರ್ಲೆ. ಅದರ ಕೊಕ್ಕಿನ ಕೆಳಗೆ ಚೀಲ ಇರುತ್ತದೆ. ಚೀಲದಿಂದ ಮೀನು ಹಿಡಿಯುತ್ತದೆ. ಇನ್ನೊಂದು ಬಣ್ಣದ ಕೊಕ್ಕರೆ. ಇವು ಗೂಡು ಕಟ್ಟುವುದು ಕಾಡಿನಲ್ಲಿ ಅಲ್ಲ. ಊರ ನಡುವೆ, ಮನೆಯ ಹಿತ್ತಲಲ್ಲಿ, ಹುಣಸಿ, ಅತ್ತಿ, ಆಲದ ಗಿಡಗಳ ಮೇಲೆ. ಕೆಳಗೆ ಮಕ್ಕಳು ಆಡುತ್ತಾರೆ. ಮೇಲೆ ಮರಿಗಳು ಕೂಗುತ್ತವೆ.

ಹಿಂದೆ ಪ್ಲೇಗು ಬಂದಾಗ ಜನ ಹಳೆಯ ಊರು ಬಿಟ್ಟು ಈಗಿನ ಜಾಗಕ್ಕೆ ಬಂದರಂತೆ. ಹಕ್ಕಿಗಳೂ ಅವರ ಹಿಂದೆಯೇ ಬಂದವಂತೆ. ಅಲ್ಲಿಯ ಹೆಣ್ಣುಮಕ್ಕಳು ಒಂದು ಮಾತು ಹೇಳುತ್ತಾರೆ. ಈ ಹಕ್ಕಿ ಬಾಣಂತನಕ್ಕೆ ತವರಿಗೆ ಬರುವ ಮಗಳಿದ್ದ ಹಾಗೆ. ಮಗಳನ್ನು ಯಾರಾದರೂ ಹೊರಗೆ ಹಾಕುತ್ತಾರೆಯೇ?

ಮಗಳೇನೋ ಸರಿ. ಆದರೆ ಹುಣಸಿ ಹಣ್ಣಿನ ಸುಗ್ಗಿ ಯಾವಾಗ? ಹಕ್ಕಿ ಗೂಡಿನಲ್ಲಿ ಇರುವಾಗಲೇ. ಗಿಡ ಹತ್ತಿ ಹುಣಸಿ ಬಡಿದರೆ ಗೂಡು ಬೀಳುತ್ತದೆ. ಬಡಿಯದೆ ಬಿಟ್ಟರೆ ಗಿಡದವನಿಗೆ ನಷ್ಟ. ಬಡವನಿಗೆ ಒಂದು ಹುಣಸಿ ಗಿಡದ ಆದಾಯ ಸಣ್ಣದಲ್ಲ. ಕಷ್ಟ ಬಂದಾಗ ಗಿಡ ಕಡಿದು ಮಾರುವವರೂ ಇದ್ದರು. ಗಿಡ ಹೋದರೆ ಗೂಡೂ ಹೋಯಿತು.

1976ರಲ್ಲಿ ಅರಣ್ಯ ಅಧಿಕಾರಿ ಎಸ್. ಜಿ. ನೇಗಿನಹಾಳರು ಈ ಊರಿನ ಹಕ್ಕಿಗಳ ಬಗ್ಗೆ ಅಧ್ಯಯನ ಮಾಡಿದರು. ಹೊರಗಿನವರಿಗೆ ಈ ಊರಿನ ಹೆಸರು ತಿಳಿಯಿತು. ಅರಣ್ಯ ಇಲಾಖೆ ಗೂಡಿರುವ ಗಿಡಗಳ ಒಡೆಯರಿಗೆ ಪರಿಹಾರ ಕೊಡತೊಡಗಿತು. ಹಕ್ಕಿ ಊರಿಗೆಲ್ಲ ಬೇಕು. ಹಾಗಿದ್ದರೆ ಹೊರೆ ಒಬ್ಬನ ತಲೆಯ ಮೇಲೆ ಬೀಳಬಾರದು. ಪರಿಹಾರದ ಹಿಂದಿನ ವಿಚಾರ ಇಷ್ಟೇ.

ಊರವರಿಗೆ ಹಕ್ಕಿಯಿಂದ ಲಾಭವೂ ಇದೆ. ಗಿಡದ ಕೆಳಗೆ ಹಿಕ್ಕೆ ಬೀಳುತ್ತದೆ. ಅದನ್ನು ಮಣ್ಣಿನ ಜೊತೆ ಕೂಡಿಸಿ ಹೊಲಕ್ಕೆ ಹಾಕುತ್ತಾರೆ. ಒಳ್ಳೆಯ ಗೊಬ್ಬರ.

1990ರ ದಶಕದಲ್ಲಿ ಊರಿನ ಯುವಕರು ಒಟ್ಟಾದರು. ಹೆಜ್ಜಾರ್ಲೆ ಬಳಗ ಎಂದು ಹೆಸರಿಟ್ಟುಕೊಂಡರು. ಗಾಳಿಗೆ ಗೂಡಿನಿಂದ ಮರಿ ಬೀಳುತ್ತವೆ. ಬಿದ್ದ ಮರಿಯನ್ನು ತಾಯಿ ಮತ್ತೆ ಎತ್ತಲಾರದು. ನಾಯಿ ಕಚ್ಚುತ್ತದೆ. ಯುವಕರು ಅಂಥ ಮರಿಗಳನ್ನು ಬೇಲಿಯ ಒಳಗೆ ಇಟ್ಟು ಮೀನು ಹಾಕಿ ಸಾಕಿದರು. ರೆಕ್ಕೆ ಬಲಿತ ಮೇಲೆ ಬಿಟ್ಟರು.

2007ರಲ್ಲಿ ಸರಕಾರ ಕೊಕ್ಕರೆ ಬೆಳ್ಳೂರನ್ನು ಸಮುದಾಯ ಮೀಸಲು ಪ್ರದೇಶ ಎಂದು ಸಾರಿತು. ಸಮುದಾಯ ಮೀಸಲು ಎಂದರೆ ಜನರನ್ನು ಒಕ್ಕಲೆಬ್ಬಿಸುವುದಲ್ಲ. ಜನ ಅಲ್ಲೇ ಇರುತ್ತಾರೆ. ಹೊಲ ಅವರದೇ. ಕಾಯುವ ಸಮಿತಿಯಲ್ಲಿ ಗ್ರಾಮ ಪಂಚಾಯತಿ ಹೆಸರಿಸಿದ ಕನಿಷ್ಠ 5 ಮಂದಿ ಇರುತ್ತಾರೆ.

ಕಷ್ಟ ಅಲ್ಲಿಗೆ ಮುಗಿಯಿತೇ? ಇಲ್ಲ. 2017ರ ಕೊನೆಯಿಂದ 2018ರಲ್ಲಿ ಹಲವು ಹೆಜ್ಜಾರ್ಲೆ ಸತ್ತುಬಿದ್ದವು. ಪರೀಕ್ಷೆ ಮಾಡಿದಾಗ ಹೊಟ್ಟೆಯಲ್ಲಿ ಜಂತುಹುಳ ಸಿಕ್ಕವು. ಅವು ಮೀನಿನಿಂದ ಬರುವ ಹುಳ. ಗಿಡ ಕಾಯ್ದರೆ ಸಾಲದು, ಹಕ್ಕಿ ಮೀನು ಹಿಡಿಯುವ ಕೆರೆ, ಹೊಳೆಯ ನೀರನ್ನೂ ಕಾಯಬೇಕು ಎಂದು ಆಗ ಮತ್ತೊಮ್ಮೆ ಗೊತ್ತಾಯಿತು.

6. ನೀರು ನಿಂತರೆ ಅತಿಥಿ ಬರುತ್ತಾರೆ

ನೀರಿನ ಮಾತಿಗೆ ನಮ್ಮ ಹತ್ತಿರದ್ದೇ ಉದಾಹರಣೆ ಇದೆ. ಗದಗ ಜಿಲ್ಲೆಯ ಶಿರಹಟ್ಟಿ ತಾಲೂಕಿನ ಮಾಗಡಿ ಕೆರೆ. ಹೊಲಕ್ಕೆ ನೀರು ಹಾಯಿಸಲು ಕಟ್ಟಿದ ಕೆರೆ. ವಿಸ್ತಾರ ಸುಮಾರು 50 ಹೆಕ್ಟೇರು. ಚಳಿಗಾಲದಲ್ಲಿ ಅಲ್ಲಿ ಪಟ್ಟೆತಲೆಯ ಹೆಬ್ಬಾತು ಬರುತ್ತವೆ. ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ ಬರುತ್ತವೆ. ವರ್ಷಕ್ಕೆ ಸುಮಾರು 8,000 ಬಾತುಗಳು ಬರುವುದುಂಟು. ಹಗಲು ಕೆರೆಯಲ್ಲಿ ಇರುತ್ತವೆ. ಕತ್ತಲಾದ ಮೇಲೆ ಹೊಲಗಳಿಗೆ ಹೋಗಿ ಮೇಯುತ್ತವೆ. ಸುತ್ತಲಿನ ರೈತರು ಕಲ್ಲು ಎಸೆಯದ ಕಾರಣ ಅವು ಪ್ರತಿ ವರ್ಷ ಬರುತ್ತವೆ.

2024ರಲ್ಲಿ ಮಾಗಡಿ ಕೆರೆ ರಾಮ್ಸಾರ್ ಪಟ್ಟಿಗೆ ಸೇರಿತು. ಇರಾನ್ ದೇಶದ ರಾಮ್ಸಾರ್ ಊರಿನಲ್ಲಿ 1971ರಲ್ಲಿ ಹಲವು ದೇಶಗಳು ಕೆರೆ, ಜವಳು ಕಾಯುವ ಒಪ್ಪಂದ ಮಾಡಿಕೊಂಡವು. ಆ ಒಪ್ಪಂದದ ಪಟ್ಟಿ ಇದು. ಒಂದು ಹಳ್ಳಿಯ ಕೆರೆಯ ಹೆಸರು ಈಗ ಲೋಕದ ಪಟ್ಟಿಯಲ್ಲಿದೆ.

ನಮ್ಮ ತಾಲೂಕಿನ ಮಮದಾಪುರದ ಕೆರೆಯೂ ಹಳೆಯದು. ಆದಿಲಶಾಹಿ ಕಾಲದ್ದು. ಈಚಿನ ವರ್ಷಗಳಲ್ಲಿ ಏತ ನೀರಾವರಿಯಿಂದ ಕೃಷ್ಣೆಯ ನೀರು ನಮ್ಮ ಜಿಲ್ಲೆಯ ಹಲವು ಕೆರೆಗಳಿಗೆ ಬಂದಿದೆ. ನೀರು ನಿಂತಲ್ಲಿ ಮೀನು ಹುಟ್ಟುತ್ತದೆ. ಮೀನು ಇದ್ದಲ್ಲಿ ಹಕ್ಕಿ ಬರುತ್ತದೆ. ಬಂದ ಹಕ್ಕಿಗೆ ಉರುಲು ಹಾಕಬೇಕೇ, ಇರಲು ಬಿಡಬೇಕೇ? ಇದನ್ನು ತೀರ್ಮಾನ ಮಾಡುವವರು ಕೆರೆಯ ದಂಡೆಯ ಜನ, ಅಂದರೆ ನಾವೇ.

7. ಚಿಗರಿ ಬೆಳೆ ತಿಂದರ ಏನು ಮಾಡೂದು?

ಹೇಳುವುದು ಸುಲಭ. ಬೆಳೆ ಹೋದಾಗ ಹೊಟ್ಟೆ ಉರಿಯುತ್ತದೆ. ಕಟ್ಟೆಯ ಮೇಲೆ ಇಂಥ ಮಾತು ಕೇಳದವರು ಯಾರು?

"ಕಾಕಾ, ನಿನ್ನಿ ರಾತ್ರಿ ನಮ್ಮ ಕಡ್ಲಿ ಹೊಲಕ್ಕ ಚಿಗರಿ ಹಿಂಡು ಬಿದ್ದಿತ್ರಿ. ಅರ್ಧ ಎಕರೆ ತಿಂದು ಹಾಕ್ಯಾವ. ಇವತ್ತ ತಂತಿಗೆ ಕರೆಂಟ್ ಕೊಟ್ಟ ಬಿಡ್ತೀನ್ರಿ."

"ಹಂಗ ಮಾಡಬ್ಯಾಡೋ ತಮ್ಮಾ. ನಿಮ್ಮವ್ವ ನಸುಕಿನ್ಯಾಗ ಎದ್ದು ಹೊಲಕ್ಕ ಹೋಗ್ತಾಳ. ಕತ್ತಲಾಗ ಆ ತಂತಿ ಅಕಿ ಕಾಲಿಗೆ ತಾಗಿದ್ರ ಏನ್ ಮಾಡ್ತಿ?"

"ಹಂಗಾರ ಸುಮ್ನ ಕುಂಡರಬೇಕೇನ್ರಿ? ಬೀಜ, ಗೊಬ್ಬರದ ಸಾಲ ಚಿಗರಿ ತೀರಸ್ತಾವೇನ್ರಿ?"

"ಸುಮ್ನ ಕುಂಡರು ಅಂತ ಯಾರ ಅಂದ್ರು? ಮುಂಜಾನೆ ಹೋಗಿ ನೋಡೋಣು. ಮೊಬೈಲ್‌ದಾಗ ಫೋಟೋ ಹೊಡಿ. ಅರಣ್ಯ ಇಲಾಖೆಗೆ ಅರ್ಜಿ ಕೊಡೋಣು."

"ಅರ್ಜಿ ಯಾರ ಬರೀತಾರ್ರಿ?"

"ನಾವ ಬರಿಯೋಣು. ಈಗ ನಮಗ ಬರಿಯಾಕ ಬರ್ತೈತಲ್ಲ."

ಕಾಕಾ ಹೇಳಿದ್ದು ಸರಿ. ಹೊಲದ ತಂತಿಗೆ ಕರೆಂಟ್ ಕೊಡುವುದು ಅಪರಾಧ. ಅದಕ್ಕೆ ದನ ಸತ್ತಿವೆ, ಮನುಷ್ಯರೂ ಸತ್ತಿದ್ದಾರೆ. ಚಿಗರಿ, ನವಿಲು 1972ರ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿವೆ. ಇವನ್ನು ಕೊಂದರೆ 3 ವರ್ಷಕ್ಕೆ ಕಡಿಮೆ ಇಲ್ಲದ, 7 ವರ್ಷದವರೆಗಿನ ಜೈಲು ಆಗಬಹುದು. ದಂಡವೂ ಇದೆ. ಕಾಳಿಗೆ ವಿಷ ಬೆರೆಸಿ ಇಟ್ಟರೂ ಅದೇ ಅಪರಾಧ. ಆ ವಿಷ ನಮ್ಮ ಕೋಳಿಗೂ, ನಾಯಿಗೂ ತಾಗುತ್ತದೆ.

ಕಾಡುಪ್ರಾಣಿಯಿಂದ ಆದ ಹಾನಿಗೆ ಅರಣ್ಯ ಇಲಾಖೆ ಪರಿಹಾರ ಕೊಡುವ ಕ್ರಮ ಇದೆ. ಯಾವ ಪ್ರಾಣಿಗೆ, ಯಾವ ಬೆಳೆಗೆ, ಎಷ್ಟು ಎಂಬುದನ್ನು ಸರಕಾರ ಆಗಾಗ ಬದಲು ಮಾಡುತ್ತದೆ. ಆದ್ದರಿಂದ ವಲಯ ಅರಣ್ಯಾಧಿಕಾರಿಗಳ ಕಚೇರಿಯಲ್ಲಿ ಕೇಳಬೇಕು. ಇಲಾಖೆಯ ಸಹಾಯವಾಣಿ 1926. ತೋಳ ಕುರಿ ಹಿಡಿದರೂ ಹೀಗೆಯೇ ಕೂಡಲೇ ತಿಳಿಸಬೇಕು. ಸತ್ತ ಕುರಿಯನ್ನು ಹೂಳುವ ಮೊದಲೇ ತೋರಿಸಬೇಕು.

ಅರ್ಜಿ ಹೀಗೆ ಬರೆಯೋಣ:

ಇವರಿಗೆ,
ವಲಯ ಅರಣ್ಯಾಧಿಕಾರಿಗಳು, ............ ವಲಯ.

ಇವರಿಂದ,
ಹೆಸರು ............ ಊರು ............ ತಾಲೂಕು ............

ವಿಷಯ: ಕಾಡುಪ್ರಾಣಿಯಿಂದ ಬೆಳೆ ಹಾನಿ, ಪರಿಹಾರ ಕೋರಿ ಅರ್ಜಿ.

ಮಾನ್ಯರೇ,
ನನ್ನ ಹೊಲದ ಸರ್ವೆ ನಂಬರ್ ............ ದಿನಾಂಕ ............ ರಂದು ರಾತ್ರಿ ............ ಪ್ರಾಣಿಗಳು ಬಂದು ............ ಬೆಳೆಯನ್ನು ಹಾಳು ಮಾಡಿವೆ. ಹಾನಿಯಾದ ಜಾಗ ಸುಮಾರು ............ ಗುಂಟೆ. ದಯವಿಟ್ಟು ಸ್ಥಳಕ್ಕೆ ಬಂದು ಪರಿಶೀಲಿಸಿ ಪರಿಹಾರ ಕೊಡಿಸಬೇಕೆಂದು ಕೇಳಿಕೊಳ್ಳುತ್ತೇನೆ.

ಸಹಿ ............ ದಿನಾಂಕ ............

ಅರ್ಜಿಯ ಜೊತೆ ಪಹಣಿ, ಫೋಟೋ ಇಡಬೇಕು. ಅರ್ಜಿ ಕೊಟ್ಟದ್ದಕ್ಕೆ ಸ್ವೀಕೃತಿ ಪಡೆಯಬೇಕು. ಹೆಬ್ಬೆಟ್ಟು ಒತ್ತುವ ಕಾಲ ಹೋಯಿತು. ನಮ್ಮ ಸಹಿ ನಾವೇ ಮಾಡೋಣ.

8. ನಾವು ಏನು ಮಾಡಬಹುದು?

ಕುಸನೂರಿನಲ್ಲಿ, ಕೊಕ್ಕರೆ ಬೆಳ್ಳೂರಿನಲ್ಲಿ ಮೊದಲು ಎದ್ದವರು ಊರಿನವರು. ಆಮೇಲೆ ಹೊರಗಿನವರು, ಸರಕಾರ ಕೈ ಕೊಟ್ಟರು. ನಮ್ಮ ಪಕ್ಕದ ಬಾಗಲಕೋಟೆ ಜಿಲ್ಲೆಯ ಯಡಹಳ್ಳಿಯನ್ನೂ ನೋಡಿರಿ. ಮುಧೋಳ, ಬೀಳಗಿ ತಾಲೂಕುಗಳ ಆ ಗುಡ್ಡಗಳಲ್ಲಿ ಚಿಂಕಾರ ಇದೆ. ಅದು ಚಿಗರಿಯಂಥ ಸಣ್ಣ ಪ್ರಾಣಿ. 2016ರ ಸುಮಾರಿಗೆ ಅಲ್ಲಿ 96 ಚದರ ಕಿಲೋಮೀಟರಿನಷ್ಟು ಜಾಗ ಚಿಂಕಾರ ಧಾಮವಾಯಿತು. ಧಾಮಕ್ಕೆ ಗೆರೆ ಹಾಕಬಹುದು. ಆದರೆ ಚಿಂಕಾರಕ್ಕೆ ಗೆರೆ ಓದಲು ಬರುವುದಿಲ್ಲ. ಗೆರೆಯ ಹೊರಗೆ ಅದನ್ನು ಉಳಿಸುವವರು ಸುತ್ತಲ ಹೊಲದವರು, ಕುರಿಯವರು.

ನಾವು ಇಷ್ಟು ಮಾಡಬಹುದು:

• ಗ್ರಾಮಸಭೆಗೆ ಹೋಗೋಣ. ಹೆಣ್ಣುಮಕ್ಕಳೂ ಹೋಗೋಣ. ಊರಿನ ಗಾಯರಾಣ ಎಷ್ಟು ಎಕರೆ, ಯಾವ ಸರ್ವೆ ನಂಬರ್ ಎಂದು ಕೇಳೋಣ. ಅಳತೆ ಮಾಡಿಸಿ ಗಡಿಕಲ್ಲು ಹಾಕಿಸಿರಿ ಎಂದು ಠರಾವು ಬರೆಸೋಣ.

• 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ನಮ್ಮ ಸಮಿತಿಯಲ್ಲಿ ಯಾರಿದ್ದಾರೆ ಎಂದು ಕೇಳೋಣ. ಸಮಿತಿ ಒಂದು ದಾಖಲೆ ಪುಸ್ತಕ ಬರೆಯಬೇಕು. ಊರಿನ ಗಿಡ, ಬೀಜ, ದನದ ತಳಿ, ಹಕ್ಕಿ, ಪ್ರಾಣಿ, ಔಷಧಿ ಸೊಪ್ಪು ಎಲ್ಲ ಅದರಲ್ಲಿ ಇರಬೇಕು. ಇದನ್ನು ಕಚೇರಿಯಲ್ಲಿ ಕೂತು ಬರೆಯಲು ಆಗುವುದಿಲ್ಲ. ಕುರಿ ಕಾಯುವ ಅಜ್ಜನಿಗೆ, ಸೊಪ್ಪು ತರುವ ಅವ್ವನಿಗೆ ಕೇಳಿಯೇ ಬರೆಯಬೇಕು.

• ಗಾಯರಾಣದ ಹುಲ್ಲನ್ನು ಸರದಿಯ ಮೇಲೆ ಮೇಯಿಸೋಣ. ಒಂದು ಭಾಗ ಮೇಯುವಾಗ ಇನ್ನೊಂದು ಭಾಗಕ್ಕೆ ವಿಶ್ರಾಂತಿ. ಬೇಸಿಗೆಯಲ್ಲಿ ಮಡ್ಡಿಗೆ ಬೆಂಕಿ ಹಚ್ಚಬಾರದು. ನೆಲದ ಮೇಲೆ ಗೂಡು ಮಾಡುವ ಕೌಜುಗದ ಮೊಟ್ಟೆ ಸುಟ್ಟುಹೋಗುತ್ತವೆ.

• ಬದುವಿನ ಬೇವು, ಬನ್ನಿ, ಬಾರಿ ಗಿಡ ಕಡಿಯದಿರೋಣ. ಒಡ್ಡು ಒಡೆದಲ್ಲಿ ಕಟ್ಟೋಣ. ಎರಿ ಮಣ್ಣು ಒಮ್ಮೆ ಹಳ್ಳಕ್ಕೆ ಹರಿದರೆ ತಿರುಗಿ ಬರುವುದಿಲ್ಲ.

• ಪಾಳುಬಿದ್ದ ತೆರೆದ ಬಾವಿಗೆ ಗೋಡೆ ಕಟ್ಟೋಣ. ರಾತ್ರಿ ನರಿ, ತೋಳ, ಚಿಗರಿ ಬಿದ್ದು ಸಾಯುತ್ತವೆ. ನಮ್ಮ ಮಕ್ಕಳೂ ಬೀಳಬಹುದು.

• ಔಷಧ ಹೊಡೆದ ಡಬ್ಬಿಗಳನ್ನು ಕೆರೆ, ಹಳ್ಳದಲ್ಲಿ ತೊಳೆಯಬಾರದು.

• ಬೆಳೆ ಹಾನಿಯಾದ ಮನೆಗೆ ಊರವರು ಜೊತೆ ನಿಲ್ಲೋಣ. ಅರ್ಜಿ ಬರೆದು ಕೊಡೋಣ. ಕಚೇರಿಗೆ ಒಬ್ಬನೇ ಹೋದರೆ ನಾಳೆ ಬಾ ಎನ್ನಬಹುದು. ಹತ್ತು ಜನ ಹೋದರೆ ಕೂರಿಸಿ ಕೇಳುತ್ತಾರೆ.

ಇದರಲ್ಲಿ ಕೊನೆಯದು ಬಹಳ ಮುಖ್ಯ. ಚಿಗರಿ ಊರಿಗೆಲ್ಲ ಚೆಂದ, ನಷ್ಟ ಮಾತ್ರ ಒಬ್ಬನದು ಎಂದಾದರೆ ಚಿಗರಿ ಉಳಿಯುವುದಿಲ್ಲ. ಆ ಒಬ್ಬ ಎಷ್ಟು ದಿನ ಸಹಿಸಿಯಾನು? ನಷ್ಟವನ್ನು ಹಂಚಿಕೊಂಡ ಊರಿನಲ್ಲಿ ಮಾತ್ರ ಜೀವ ಉಳಿಯುತ್ತದೆ.

ಲೆಕ್ಕ ಮಾಡೋಣ

ಒಂದು ಊರಿನಲ್ಲಿ 500 ದನ ಇವೆ. 100 ದನಕ್ಕೆ 30 ಎಕರೆ ಎಂದರೆ ಎಷ್ಟು ಗಾಯರಾಣ ಬೇಕು?
100 ದನಕ್ಕೆ 30 ಎಕರೆ. 500 ದನಕ್ಕೆ 5 × 30 = 150 ಎಕರೆ.
ನಿಮ್ಮ ಊರಿನಲ್ಲಿ ಎಷ್ಟು ದನ ಇವೆ? ಎಷ್ಟು ಎಕರೆ ಬೇಕು? ಈಗ ಎಷ್ಟು ಇದೆ?

ಮಾತಾಡೋಣ

1. ನಾವು ಸಣ್ಣವರಿದ್ದಾಗ ಊರ ಸುತ್ತ ಕಂಡ ಯಾವ ಪ್ರಾಣಿ, ಹಕ್ಕಿ ಈಗ ಕಾಣುವುದಿಲ್ಲ? ಯಾಕೆ?
2. ಕಿತ್ತಿಕೊ ಹಚ್ಚಿಕೊ ಎಂಬ ಹೆಸರಿನ ಅರ್ಥ ಏನು?
3. ಹುಣಸಿ ಗಿಡದ ಒಡೆಯನಿಗೆ ಪರಿಹಾರ ಕೊಡುವುದು ಸರಿಯೇ? ನಮ್ಮ ಊರಿನಲ್ಲಿ ಅಂಥ ಹೊರೆ ಹೊತ್ತವರು ಯಾರು?

ಬರೆಯೋಣ

ನಮ್ಮ ಊರಿನ ಐದು ಗಿಡ, ಐದು ಹಕ್ಕಿ, ಐದು ಪ್ರಾಣಿಗಳ ಹೆಸರು ಬರೆಯಿರಿ. ನಾವು ಕರೆಯುವ ಹೆಸರನ್ನೇ ಬರೆಯಿರಿ. ಬರೆದ ಹಾಳೆಯನ್ನು ಮುಂದಿನ ಗ್ರಾಮಸಭೆಗೆ ತನ್ನಿರಿ. ದಾಖಲೆ ಪುಸ್ತಕದ ಮೊದಲ ಪುಟ ಅದೇ ಆಗಲಿ.

ಹೊಸ ಪದಗಳು

ಸಮುದಾಯ: ಒಂದು ಕಡೆ ಕೂಡಿ ಬಾಳುವ ಜನ.
ಮೀಸಲು: ಒಂದು ಕೆಲಸಕ್ಕೆಂದೇ ಕಾಯ್ದಿಟ್ಟದ್ದು.
ಜೀವವೈವಿಧ್ಯ: ಬಗೆಬಗೆಯ ಗಿಡ, ಪ್ರಾಣಿ, ಹಕ್ಕಿ, ಹುಳ ಎಲ್ಲ ಸೇರಿ.
ಪರಿಹಾರ: ಆದ ನಷ್ಟಕ್ಕೆ ಕೊಡುವ ಹಣ.
ಠರಾವು: ಸಭೆ ಒಪ್ಪಿ ಬರೆದ ತೀರ್ಮಾನ.
ಸ್ವೀಕೃತಿ: ಅರ್ಜಿ ಮುಟ್ಟಿದೆ ಎಂದು ಕೊಡುವ ಚೀಟಿ.